ಬಕ್ಕಪ್ಪನವರ ಗಾಡಿಯ ಉಪವಾಸ

2025ರ ಮೇ 18, ಭಾನುವಾರ. ಬೀದರಿನ ಬಕ್ಕಪ್ಪನವರ ವಿದ್ಯುತ್ ಕಾರಿನಲ್ಲಿ ಆ ಬೆಳಿಗ್ಗೆ ನೂರಕ್ಕೆ ಎಂಬತ್ತು ಪಾಲು ಚಾರ್ಜ್ ಇತ್ತು. ಎಪ್ಪತ್ತೊಂಬತ್ತಲ್ಲ. ಎಂಬತ್ತೊಂದಾಗುವುದಕ್ಕೆ ಬಕ್ಕಪ್ಪನವರು ಜೀವದಿಂದಿರುವವರೆಗೆ ಅವಕಾಶವಿರಲಿಲ್ಲ.

ಬೀಜ-ಗೊಬ್ಬರದ ಅಂಗಡಿಯ ಬಕ್ಕಪ್ಪನವರು ಕಾರು ಕೊಂಡ ದಿನವೇ ಮೊಬೈಲಿನಲ್ಲೊಂದು ವಿಡಿಯೋ ನೋಡಿದ್ದರು. ಬ್ಯಾಟರಿ ಬಹುಕಾಲ ಬಾಳಬೇಕಾದರೆ ಇಪ್ಪತ್ತರ ಕೆಳಗೆ ಇಳಿಸಬಾರದು, ಎಂಬತ್ತರ ಮೇಲೆ ಏರಿಸಬಾರದು, ಬಿಸಿಲಿನಲ್ಲಿ ಕಾದ ಗಾಡಿಗೆ ಕೂಡಲೇ ಚಾರ್ಜ್ ಹಾಕಬಾರದು. ಯೂರಿಯಾ ಕೇಳಿ ಬಂದವರಿಗೂ ಈ ಮೂರು ಮಾತು ಹೇಳಿಯೇ ಅವರು ಚೀಲ ಎತ್ತಿಕೊಡುತ್ತಿದ್ದರು.

ಮಡದಿ ಸಖುಬಾಯಿಗೆ ಬರುವ ಏಕಾದಶಿಗೆ ಸ್ವಂತ ಕಾರಿನಲ್ಲಿ ಪಂಢರಪುರಕ್ಕೆ ಹೋಗಬೇಕೆಂಬ ಆಸೆ. ಅದರ ಮೇಲೆ ತಣ್ಣೀರು ಸುರಿದವನು ಪಕ್ಕದ ಮನೆಯ ಫಕ್ರೋದ್ದೀನ. ಅವನದು ಬಾಡಿಗೆಗೆ ಓಡುವ ಡೀಸೆಲ್ ಜೀಪು.

"ನಡುದಾರ್ಯಾಗ ನಿಂತ್ರ ಏನ್ಮಾಡ್ತೀರಿ ಅಕ್ಕಾ? ವಿಠ್ಠಲ ಬಂದು ದಬ್ತಾನೇನು?"

ಮಾತಿಗೆ ಮಾತು ಬೆಳೆದು ಶರತ್ತಾಯಿತು. ಬೀದರ, ಭಾಲ್ಕಿ, ಔರಾದ, ಮತ್ತೆ ಬೀದರ: ಒಂದೇ ದಿನ, ಒಂದೇ ಸುತ್ತು. ಗಾಡಿ ನಿಲ್ಲದೆ ಬಂದರೆ ಪಂಢರಪುರಕ್ಕೆ ಅದರಲ್ಲೇ ಪಯಣ. ನಿಂತರೆ ಬಕ್ಕಪ್ಪನವರು ಫಕ್ರೋದ್ದೀನನ ಜೀಪಿನಲ್ಲಿ ಹೋಗಬೇಕು. ಬಾಡಿಗೆ, ಡೀಸೆಲ್ ಎರಡೂ ಅವರದೇ. ಸಾಕ್ಷಿಗೆಂದು ಫಕ್ರೋದ್ದೀನ ಹಿಂದಿನ ಸೀಟಿನಲ್ಲಿ ಮದುಮಗನಂತೆ ಕುಳಿತ.

ಭಾಲ್ಕಿಯಲ್ಲಿ ಸಖುಬಾಯಿಯ ತಮ್ಮ ಉತ್ತಮನ ಮನೆ. ಅಲ್ಲಿ ತಲಪಿದಾಗ ಮೀಟರು ಅರವತ್ತು ತೋರಿಸುತ್ತಿತ್ತು. ಗಾಡಿಯನ್ನು ಬೇವಿನ ನೆರಳಿನಲ್ಲಿ ತಣ್ಣಗಾಗಿಸಿ, ಪ್ಲಗ್ ಹಾಕಿ, ಬಕ್ಕಪ್ಪನವರು ಇಲಿಯ ಬಿಲದ ಮುಂದೆ ಕುಳಿತ ಬೆಕ್ಕಿನಂತೆ ಎರಡು ತಾಸು ಕಾದರು. ಎಂಬತ್ತಾಗುತ್ತಲೇ ಪ್ಲಗ್ ಕಿತ್ತರು.

ಉತ್ತಮನ ಮುಖ ಸಣ್ಣದಾಯಿತು. "ಇದೇನ್ರಿ ಮಾಮಾ? ಬೀಗರು ಬಂಡಿ ಹೂಡಿಕೊಂಡು ಬಂದ್ರ ಮೊದಲ ಎತ್ತಿಗೆ ಮೇವು, ಆಮ್ಯಾಲ ಬೀಗರಿಗೆ ನೀರು. ಅರೆಹೊಟ್ಟಿಲೆ ಕಳಿಸಿದ್ರ ಓಣ್ಯಾಗ ಮಂದಿ ಏನಂದಾರು?"

"ಅದು ಎತ್ತಲ್ಲೋ ಉತ್ತಮ."

"ಎತ್ತಿಗಿಂತ ತುಟ್ಟಿ ಅದಲ್ರಿ."

ಬಕ್ಕಪ್ಪನವರು ಊಟಕ್ಕೆ ಕುಳಿತರು. ಕೈತೊಳೆದು ಹೊರಬಂದು ನೋಡಿದರೆ ಪ್ಲಗ್ ಮತ್ತೆ ಗೋಡೆಯಲ್ಲಿತ್ತು, ಮೀಟರಿನಲ್ಲಿ ಎಂಬತ್ತೈದು. ಮಗುವಿಗೆ ಜ್ವರ ಬಂದ ತಾಯಿಯಂತೆ ಅವರು ಬಾನೆಟ್ ಮುಟ್ಟಿ ನೋಡಿದರು.

ಏರಿದ್ದನ್ನು ಇಳಿಸಲೇಬೇಕು. ಹೆಂಡತಿಯನ್ನೂ ಸಾಕ್ಷಿಯನ್ನೂ ಹತ್ತಿಸಿಕೊಂಡು, ಏಸಿಯನ್ನು ತುದಿಗೆ ತಿರುಗಿಸಿ, ನಡುಹಗಲಿನಲ್ಲಿ ದೊಡ್ಡ ದೀಪ ಹೊತ್ತಿಸಿ, ಭಾಲ್ಕಿಯ ಕೋಟೆಗೂ ಬಸ್ ನಿಲ್ದಾಣಕ್ಕೂ ನಡುವೆ ಗಾಣದೆತ್ತಿನಂತೆ ಸುತ್ತತೊಡಗಿದರು. ಎದುರಾದವರೆಲ್ಲ ಬೆರಳು ಮುಚ್ಚಿ ತೆರೆದು ಸನ್ನೆ ಮಾಡಿದರು. "ಲೈಟ್ ಹತ್ಯಾವ ನೋಡ್ರಿ" ಎಂದು ಹಣ್ಣಿನ ಬಂಡಿಯವನು ಮೂರು ಸಲ ಹೇಳಿ, ನಾಲ್ಕನೆಯ ಸಲ ಮುಖ ತಿರುಗಿಸಿಕೊಂಡ. ಮೇ ತಿಂಗಳ ಬಿಸಿಲಿನಲ್ಲಿ ಸಖುಬಾಯಿ ಸೆರಗು ಹೊದ್ದು ನಡುಗಿದಳು.

"ಅಣ್ಣಾ, ಮಂದಿ ಗಾಡಿ ತುಂಬಿಸ್ಲಿಕ್ಕ ತಿರಗ್ತಾರ. ಖಾಲಿ ಮಾಡ್ಲಿಕ್ಕ ತಿರಗವರ್ನ ಎಲ್ಲ್ಯಾರ ನೋಡೀಯೇನು?" ಎಂದಳು.

"ಇದೇ ಪೈಲಾ ಸಲ, ಅಕ್ಕಾ" ಎಂದ ಫಕ್ರೋದ್ದೀನ.

ಎಂಬತ್ತಕ್ಕಿಳಿದ ಮೇಲೆಯೇ ಬಕ್ಕಪ್ಪನವರು ಔರಾದದ ದಾರಿ ಹಿಡಿದರು.

ಔರಾದದಲ್ಲಿ ಫಕ್ರೋದ್ದೀನನ ಅಕ್ಕ ಮರಿಯಮಬೀ ಇದ್ದಳು. ಕಾರು ನಿಲ್ಲುವ ಮೊದಲೇ ಆಕೆ ಎಮ್ಮೆಯ ಕೊಟ್ಟಿಗೆಯಿಂದ ವೈರು ಎಳೆದು ತಂದಳು.

"ಬ್ಯಾಡ್ರಿ ಅಕ್ಕಾ" ಎಂದು ಬಕ್ಕಪ್ಪನವರು ಅಡ್ಡ ನಿಂತರು. "ಬಿಸಿಲಾಗ ಬಂದದ. ಈಗ ಹಾಕಬಾರದು."

"ಬಿಸಿಲಾಗ ಬಂದವರಿಗೇ ಅಲ್ಲೇನ್ರಿ ಭಾಯಿ ನೀರು ಕೊಡೂದು?"

"ಐವತ್ತೇಳು ಅದರಿ. ಬೀದರ ಮುಟ್ಟಿ ಮೂವತ್ತರ ಮ್ಯಾಲ ಉಳೀತದ. ಸಾಕು."

ಮರಿಯಮಬೀ ವೈರು ಕೆಳಗಿಟ್ಟಳು. "ಮನಿಗೆ ಬಂದ ಜನಾವಾರ ಉಪಾಸ ಹೋಗಬಾರದು. ಅದರ ಪಾಲಿಂದು ನೀವು ತಿನ್ರಿ" ಎಂದು ಶಾವಿಗೆಯ ಖೀರು ಬಡಿಸಿದಳು. ಒಂದು ಬಟ್ಟಲು ಬಕ್ಕಪ್ಪನವರದು. ಮುಂದಿನ ಮೂರು ಕಾರಿನವು. ಬೇಡವೆಂದಾಗಲೆಲ್ಲ ಆಕೆಯ ಕೈ ವೈರಿನ ಕಡೆಗೆ ಹೋಗುತ್ತಿತ್ತು.

"ಗಾಡಿ ಎಂಬತ್ತಕ್ಕ ನಿಂತದ, ಮಾಲಕರು ನೂರಾಹತ್ತಕ್ಕ ಹೋದ್ರು" ಎಂದ ಫಕ್ರೋದ್ದೀನ.

ಸಂಜೆಗೆ ಜನವಾಡ ದಾಟಿದರು. ಬೀದರಿನ ದಾರಿ ಇನ್ನು ಸ್ವಲ್ಪವೇ ಉಳಿದಿತ್ತು. ಮೀಟರಿನಲ್ಲಿ ಮೂವತ್ತಾರು. ಬಕ್ಕಪ್ಪನವರು ಹೊಟ್ಟೆಯ ಭಾರ ಮರೆತು ಹಿಂದಕ್ಕೆ ಕತ್ತು ತಿರುಗಿಸಿದರು.

"ಹ್ಯಾಂಗ ಫಕ್ರೋದ್ದೀನ? ನಿಂತೀತು ಅಂದಿದ್ದಿ."

ಆಗಲೇ ಕಾರು ನಿಂತಿತು. ಮೂವತ್ತೈದು, ಮೂವತ್ತನಾಲ್ಕು ಎಂದು ಮೆಟ್ಟಿಲಿಳಿಯುವ ಸೌಜನ್ಯವನ್ನೂ ಮೀಟರು ತೋರಲಿಲ್ಲ; ಮೂವತ್ತಾರರಿಂದ ನೇರವಾಗಿ ಸೊನ್ನೆಗೆ ಹಾರಿತು.

ಫಕ್ರೋದ್ದೀನ ನಗಲಿಲ್ಲ. ಎಳೆದೊಯ್ಯಲು ಜೀಪು ತರುವಂತೆ ಮನೆಗೆ ಫೋನು ಮಾಡಿದ. ಬಕ್ಕಪ್ಪನವರು ಕಾರು ಕೊಂಡ ಕಡೆಯ ಮೆಕ್ಯಾನಿಕ್ ಅಮೋಲನಿಗೆ ಫೋನು ಹಚ್ಚಿದರು. ಸಖುಬಾಯಿ ಸ್ಪೀಕರ್ ಒತ್ತಿದಳು.

"ಕಾಕಾ, ಕಡೀಕ ನೂರಕ್ಕ ತುಂಬಿಸಿದ್ದು ಯಾವಾಗ್ರಿ?"

"ಅಂಥಾ ತಪ್ಪು ನಾ ಒಮ್ಮಿನೂ ಮಾಡಿಲ್ಲಪಾ. ಎಂಬತ್ತು ದಾಟಿಸಿಲ್ಲ."



"ಎಂಬತ್ತಕ್ಕ ನಿಲ್ಸೂದು ಬ್ಯಾರೆ ನಮೂನಿ ಬ್ಯಾಟರಿಗಿರಿ ಕಾಕಾ. ನಿಮ್ಮ ಗಾಡಿಗೆ ವಾರಕ್ಕೊಮ್ಮಿ ನೂರಕ್ಕ ತುಂಬಿಸಬೇಕು. ಇಲ್ಲಂದ್ರ ಮೀಟರಿನ ಲೆಕ್ಕ ತಪ್ತದ. ಮೂವತ್ತಾರು ಅಂತ ಅದು ಅಂದಾಜಿಲೆ ಹೇಳ್ಯದ. ಒಳಗ ಏನೂ ಇದ್ದಿಲ್ಲ. ಗಾಡಿಗೇನೂ ಆಗಿಲ್ರಿ. ಹೊಟ್ಟಿ ತುಂಬ ಹಾಕ್ರಿ, ಸಾಕು."

ಸಖುಬಾಯಿ ಫೋನು ಇಟ್ಟಳು. ಉತ್ತಮನನ್ನೂ ಮರಿಯಮಬೀಯನ್ನೂ ನೆನೆದು ಕಾರಿನ ಬೆನ್ನು ಸವರಿದಳು.

ಬಕ್ಕಪ್ಪನವರಿಗೆ ಥಟ್ಟನೆ ದಾರಿ ಹೊಳೆಯಿತು. "ಗಾಡೀದು ತಪ್ಪಿಲ್ಲ ಅಂದ ಮ್ಯಾಲ ಶರತ್ತೂ ಇಲ್ಲ. ಪಂಢರಪುರಕ್ಕ ಕಾರ್ ಹೋಗ್ಲಿಕ್ಕ ಏನ್ ಅಡ್ಡಿ?"

"ಏನೂ ಅಡ್ಡಿ ಇಲ್ರಿ" ಎಂದಳು ಸಖುಬಾಯಿ. "ಕಾರ್ ಹೋಗ್ತದ. ನಾ ಹೋಗ್ತೇನಿ, ಉತ್ತಮನ ಹೆಂಡ್ತಿ ಮಕ್ಕಳು ಬರ್ತಾರ. ಫಕ್ರೋದ್ದೀನಣ್ಣ ನಡಸ್ತಾನ. ಅವಂಗ ಹೊಟ್ಟಿ ತುಂಬ್ಸೋದು ಗೊತ್ತದ."

"ಮತ್ತ ನಾ?"

"ನೀವು ಶರತ್ತು ಸೋತೀರಿ. ಬಕ್ಕಪ್ಪನವರು ಜೀಪಿನ್ಯಾಗ ಹೋಗಬೇಕು ಅಂತ ಮಾತಾಗಿತ್ತು. ಹಿಂದಿಂದ ಜೀಪ್ ನಡಸ್ಕೊಂಡು ಬರ್ರಿ. ಮಾತು ಅಂದ್ರ ಮಾತು."

ಫಕ್ರೋದ್ದೀನ ಸಂಕೋಚದಿಂದ ನೆಲ ನೋಡಿದ, ಆದರೆ ಬೇಡವೆನ್ನಲಿಲ್ಲ. ದೂರದಲ್ಲಿ ಜೀಪಿನ ಹೊಗೆ ಕಾಣಿಸಿತು. ಬಕ್ಕಪ್ಪನವರು ಜೇಬಿನಿಂದ ಪಂಢರಪುರದ ಬಾಡಿಗೆಯ ಹಣ ಎಣಿಸಿ ಅಲ್ಲೇ ಅವನ ಕೈಗಿಟ್ಟರು. ಯಾರ ಬಾಕಿಯನ್ನೂ ರಾತ್ರಿಗೆ ಉಳಿಸಿಕೊಂಡ ಮನುಷ್ಯ ಅವರಲ್ಲ.