ನಲವತ್ತನೆಯ ಟ್ರ್ಯಾಕ್ಟರು

ನಲವತ್ತನೆಯ ಟ್ರ್ಯಾಕ್ಟರು ಕಾಟಾ ಹತ್ತಿತು, ಕಂಪ್ಯೂಟರು ಕೈಕಾಲು ಬಿಟ್ಟಿತು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿ ಶೇಖಪ್ಪ ಕಬ್ಬು ತೂಗುವ ಕಾಟಾ ಇಟ್ಟಿದ್ದ. ಹಂಗಾಮು ಶುರುವಾದಂದಿನಿಂದ ಅಲ್ಲಿ ದಿನವೂ ಇದೇ ಗೋಳು.

“ಐದಕ್ಕ ಮಾಲಕರು ಮುಂಡಗೋಡದಿಂದ ಬರ್ತಾರ. ಅಷ್ಟರಾಗ ಇದು ನಿಲ್ಲೂದು ಬಿಡಬೇಕು. ಇಲ್ಲಾಂದ್ರ ನಾಳಿಂದ ನೀ ಬರೂದು ಬಿಡು,” ಎಂದ ಹೊಸ ಮ್ಯಾನೇಜರ್ ಬಸಲಿಂಗಯ್ಯ.

ಕಂಪ್ಯೂಟರು ನೋಡಿಕೊಳ್ಳುವ ಸಂಜೀವಕುಮಾರನ ಮೈ ಉರಿಯಿತು. ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ತೂಕದ ಪ್ರೋಗ್ರಾಂ ಪೈಥಾನ್‌ನಲ್ಲಿತ್ತು. ಟ್ರ್ಯಾಕ್ಟರಿನ ಫೋಟೊ ತರಲು ಅದಕ್ಕೆ ಸಿ ಭಾಷೆಯ ಒಂದು ತುಂಡನ್ನು ಹಿಂದಿನವನು ಅಂಟಿಸಿ ಹೋಗಿದ್ದ. ಅದನ್ನು ತೆರೆದು ನೋಡಿದರೆ, ಪ್ರತಿ ಟ್ರ್ಯಾಕ್ಟರಿಗೂ ಅದು ಪೈಥಾನ್ ಬಳಿ ಮೆಮರಿ ಕೇಳಿ ಪಡೆಯುತ್ತಿತ್ತು, ಕೆಲಸ ಮುಗಿದ ಮೇಲೆ ವಾಪಸು ಕೊಡುತ್ತಿರಲಿಲ್ಲ. ನಲವತ್ತಕ್ಕೆ ಎಲ್ಲ ಖಾಲಿ.

“ತಗೊಳ್ಳಾಕ ಬರ್ತಿತ್ತು, ತಿರುಗಿ ಕೊಡಾಕ ಬರ್ತಿರಲಿಲ್ಲೇನ್ ಇವಗ? ಮಂದಿ ಕೊಡಪಾನ ಒಯ್ದು ಮನ್ಯಾಗ ಇಟ್ಕೊಂಡಂಗಾತು!” ಎಂದು ಬೈಯುತ್ತಲೇ ವಾಪಸು ಕೊಡುವ ಒಂದು ಸಾಲು ಬರೆದು, ನೀರು ಕುಡಿದು ಬಂದು ಪ್ರೋಗ್ರಾಂ ಓಡಿಸಿದ.

ಈ ಸಲ ಅದು ಮೊದಲನೆಯ ಟ್ರ್ಯಾಕ್ಟರಿಗೇ ನಿಂತಿತು.

ಹೊರಗೆ ಹಾರ್ನುಗಳು ಚೀರಿದವು. ಕಬ್ಬು ತಂದಿದ್ದ ದುರ್ಗವ್ವ ಕಿಟಕಿಗೇ ಬಂದು ನಿಂತಳು. “ಏ ತಮ್ಮಾ, ಮುಂಜಾನಿಂದ ಕುಂತೇನಿ. ನನ್ನ ಕಬ್ಬು ಒಣಗಿ ಕಟಗಿ ಆತಂದ್ರ ನಿನ್ನ ತಲಿಮ್ಯಾಲೆ ಹೊರಸ್ತೇನಿ!”

ಹಲ್ಲು ಕಚ್ಚಿ ಮತ್ತೆ ಓದಿದ. ತನ್ನ ಸಾಲಿನ ಕೆಳಗೆ ತಾನು ಬರೆಯದ ಇನ್ನೊಂದು ಸಾಲು ಇತ್ತು. ಚೀಟಿ ಹರಿದು ಕೊಡುವ ದಿನೇಶ ಮೆಲ್ಲಗೆ ಹೇಳಿದ, “ನಾನ ಹಾಕೇನ್ರಿ ಸರ್, ನೀವು ನೀರಿಗೆ ಹೋದಾಗ. ಇಂಟರ್ನೆಟ್ಟಿನ್ಯಾಗ ಹಂಗ ಇತ್ರಿ.”

“ಒಂದ ಮೆಮರಿ ಎರಡ ಸಲ ತಿರುಗಿ ಕೊಟ್ರ ಅದು ಸಾಯದ ಏನ್ ಮಾಡ್ತೈತಿ? ಅದೂ ಪೈಥಾನ್ ಕಡಿಂದ ತಗೊಂಡಿದ್ದನ್ನ ಸೀದಾ ಸಿಸ್ಟಮ್ಮಿಗೆ ಕೊಟ್ಟೀಯಲ್ಲೋ!”

“ಎರಡೂ ತಗದ ಒಗಿ, ತಂಟೇನ ಬ್ಯಾಡ,” ಎಂದು ಬಸಲಿಂಗಯ್ಯ ಹೆಗಲ ಮೇಲಿಂದ ಬಾಯಿ ಹಾಕಿದ.

ಸಂಜೀವಕುಮಾರ ಇಬ್ಬರನ್ನೂ ಹೊರಗೆ ನೂಕಿ ಚಿಲಕ ಹಾಕಿದ. ದಿನೇಶನ ಸಾಲು ಅಳಿಸಿ ಓಡಿಸಿದ. ನಲವತ್ತು ದಾಟಿತು. ತೊಂಬತ್ತೂ ದಾಟಿತು. ದುರ್ಗವ್ವ ಆಗಲೇ ತೂಗಿಸಿಕೊಂಡು ಹೋಗಿದ್ದಳು. ಐದಕ್ಕೆ ಅಂಗಳದಲ್ಲಿ ಒಂದು ಗಾಡಿಯೂ ಉಳಿದಿರಲಿಲ್ಲ.

“ನಾನ ನಿಂತು ಮಾಡಿಸೇನಿ ಅಂತ ಮಾಲಕರಿಗೆ ಹೇಳ್ತೇನಿ,” ಎಂದು ಬಸಲಿಂಗಯ್ಯ ತಲೆ ಬಾಚಿಕೊಂಡ.

ಶೇಖಪ್ಪ ಜೀಪಿನಿಂದ ಇಳಿದ. ಖಾಲಿ ಅಂಗಳ ನೋಡಿದ. ಕಾಟಾದ ಪಕ್ಕದಲ್ಲಿದ್ದ ತನ್ನದೇ ಕ್ಯಾಂಟೀನಿಗೆ ಓಡಿದ. ಎರಡು ಪರಾತ ಮಿರ್ಚಿ ಭಜಿ ಮುಟ್ಟುವವರಿಲ್ಲದೆ ತಣ್ಣಗಾಗಿತ್ತು.

“ಮಂದಿ ಎಲ್ಲಿ?” ಎಂದು ಅಲ್ಲಿಂದಲೇ ಕೂಗಿದ. “ಕಂಪ್ಯೂಟರ್ ನಿಲ್ಲದಿದ್ರ ಗಾಡಿ ಹೆಂಗ ನಿಲ್ತಾವು? ಗಾಡಿ ನಿಲ್ಲದಿದ್ರ ಭಜಿ ಯಾರ್ ತಿಂತಾರ? ಯಾಂವ ಅದನ್ನ ರಿಪೇರಿ ಮಾಡಿದಾಂವ?”

ಬಸಲಿಂಗಯ್ಯ ಬಾಚಣಿಗೆ ಕಿಸೆಗೆ ಹಾಕಿದ. “ಇಂವ ರೀ. ತಂಟೆ ಬ್ಯಾಡ ಅಂತ ನಾ ಬಡಕೊಂಡೆ.”

“ಮೊದಲಿನಾಂವ ಶಾಣ್ಯಾ ಇದ್ದ. ನಲವತ್ತಕ್ಕ ನಿಲ್ಲಂಗ ಮಾಡು ಅಂದೆ, ಮಾಡಿಕೊಟ್ಟ,” ಎಂದ ಶೇಖಪ್ಪ. “ನಾಳಿ ಮುಂಜಾನಿ ಇದು ಮೂವತ್ತಕ್ಕ ನಿಲ್ಲಬೇಕು. ಇಲ್ಲಾಂದ್ರ ನೀ ಬರೂದು ಬಿಡು.”

ಸಂಜೀವಕುಮಾರ ಮತ್ತೆ ಕುರ್ಚಿ ಎಳೆದುಕೊಂಡ. ತಾನು ಬರೆದ ಸಾಲನ್ನು ತಾನೇ ಅಳಿಸಿ, ಪ್ರತಿ ಟ್ರ್ಯಾಕ್ಟರಿಗೂ ಇನ್ನಷ್ಟು ಮೆಮರಿ ಕೇಳುವಂತೆ ಮಾಡಿದ.