ಹಳೇ ಖಣಿ ಕ್ರಾಸಿನಲ್ಲಿ ಬಸ್ಸು ನಿಂತ ದಿನ

ಬೀರಲಿಂಗನ ಆ ದಿನ ಕೆಟ್ಟದ್ದು ಕ್ರಾಸಿನ ಅಂಗಡಿಯ ಮಜೀದಸಾಬರು ಚಹಾ ಸೋಸುತ್ತ ಆಡಿದ ಒಂದು ಮಾತಿನಿಂದ.

"ಇವತ್ತ ಮುಂಜಾನಿ ಬಸ್ ಡಿಪೋದಿಂದ ಒಬ್ಬ ಮೇಡಂ ಬರ್ಲಿಕತ್ತಾರಂತ. ಈ ಕ್ರಾಸಿನ್ಯಾಗ ಬಸ್ಸಿಗಿ ಎಷ್ಟು ಮಂದಿ ನಿಂದರ್ತಾರ ಅಂತ ನೋಡ್ತಾರಂತ. ಸ್ಟಾಪ್ ಕೊಡಬೇಕೋ ಬ್ಯಾಡೋ, ಅವರು ಹೇಳಿದ್ದೇ ಫೈನಲ್ ಅಂತ."

ಬೀರಲಿಂಗ ಚಹಾದ ಬಸಿಯನ್ನು ಅರ್ಧಕ್ಕೇ ಕೆಳಗಿಟ್ಟ.

ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆ ನೀರು ನಿಂತ ಹಳೆಯ ಕಲ್ಲಿನ ಖಣಿಯೊಂದನ್ನು ಸುತ್ತಿಕೊಂಡು ತಿರುಗುವ ಕಡೆ ಈ ಕ್ರಾಸು. ಇರುವುದು ಒಂದೇ ಓಣಿ, ಒಂದೇ ಚಹಾದ ಅಂಗಡಿ. ಶಹಾಬಾದದಿಂದ ಚಿತ್ತಾಪುರಕ್ಕೆ ಹೋಗುವ ಬಸ್ಸು ದಿನಾ ಇದರ ಮುಂದೆಯೇ ಹಾಯ್ದು ಹೋಗುತ್ತದೆ. ಹಾಯ್ದು ಹೋಗುವುದಷ್ಟೇ. ರಸ್ತೆ ಬದಿಯಲ್ಲಿ ನಿಂತು ನಿಂತು ಬೀರಲಿಂಗ ಬಸ್ಸಿನ ಸ್ವಭಾವವನ್ನು ಹೆಂಡತಿಯ ಸ್ವಭಾವಕ್ಕಿಂತ ಚೆನ್ನಾಗಿ ತಿಳಿದಿದ್ದ. ಖಾಲಿ ಬಸ್ಸು ನಿಲ್ಲುವುದಿಲ್ಲ, ಏಕೆಂದರೆ ಇದು ಸ್ಟಾಪಲ್ಲ. ತುಂಬಿದ ಬಸ್ಸೂ ನಿಲ್ಲುವುದಿಲ್ಲ, ಏಕೆಂದರೆ ಅದು ತುಂಬಿದೆ. ಅರ್ಧ ತುಂಬಿದ್ದು ಮುಂದೆ ಹೋಗಿ ನಿಂತಂತೆ ಮಾಡಿ, ಇವನು ಏದುಸಿರು ಬಿಡುತ್ತ ಓಡಿ ಮುಟ್ಟುವಷ್ಟರಲ್ಲಿ ಹೊರಟುಬಿಡುತ್ತದೆ. ಡ್ರೈವರ್ ಮುಖ ತಿರುಗಿಸದೆ ಕೈಯೊಂದನ್ನು ಹೊರಗೆ ಚಾಚಿ ಹಿಂದಕ್ಕೆ ತೋರಿಸುತ್ತಾನೆ. ಹಿಂದೆ ಖಾಲಿ ಬಸ್ಸು ಬರುತ್ತಿದೆ ಎಂದು ಅದರ ಅರ್ಥ. ಹಿಂದೆ ಬರುವುದು ಸಿಮೆಂಟಿನ ಟ್ಯಾಂಕರು.

ಸ್ಟಾಪು ಇಲ್ಲವೇ ಇಲ್ಲವೆಂದಲ್ಲ. ವಾಡಿಯ ಕಡೆಗೆ ಅರ್ಧ ತಾಸು ನಡೆದರೆ ತೊಗರಿಯ ಹೊಲಗಳ ನಡುವೆ ಒಂದು ತಂಗುದಾಣ ಇತ್ತು. ತಂಪಾದ ಶಹಾಬಾದಿ ಕಲ್ಲಿನ ಕಟ್ಟೆ, ಮೇಲೆ ತಗಡು. ಸುತ್ತ ಒಂದು ಮನೆಯೂ ಇಲ್ಲ. ಅಲ್ಲಿ ಬಸ್ಸು ನಿಷ್ಠೆಯಿಂದ ನಿಂತು, ಮಲಗಿದ ಆಡುಗಳನ್ನು ನೋಡಿ, ಮುಂದೆ ಹೋಗುತ್ತಿತ್ತು. ಬೀರಲಿಂಗ ಅಲ್ಲಿಗೆ ನಡೆದು ಹೊರಟ ದಿನ ಬಸ್ಸು ಅವನಿಗೆ ದಾರಿಯಲ್ಲೇ ಎದುರಾಗಿ ಹೋಗಿಬಿಡುತ್ತಿತ್ತು.

ಇಷ್ಟೇ ಆಗಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಆದರೆ ಅವನು ಕೆಲಸಕ್ಕಿದ್ದ ಚಿತ್ತಾಪುರದ ಹಾರ್ಡ್‌ವೇರ್ ಅಂಗಡಿಯ ಮಾಲೀಕ ಸುರೇಶಕುಮಾರ ಹಿಂದಿನ ದಿನವಷ್ಟೇ ಗಿರಾಕಿಗಳ ಎದುರಿಗೆ ಹೇಳಿದ್ದ: "ಬಸ್ ನಿಂದರಲಿಲ್ಲ ಅಂತ ಇನ್ನೊಮ್ಮಿ ಅಂದಿ ಅಂದ್ರ, ನನ್ನ ಅಂಗಡಿ ಕಡಿ ಮುಖಾ ಹಾಕಬ್ಯಾಡ." ನಡುವಯಸ್ಸು ದಾಟುತ್ತಿದ್ದ ಬೀರಲಿಂಗನಿಗೆ ಮೊಳೆ, ಕೊಂಡಿ, ಚಿಲಕ ತೂಗುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ.

"ನೀ ಒಬ್ಬನೇ ಗ್ವಾಡಿಗಿ ಹೊಡದ ಮೊಳಿ ಹಾಂಗ ನಿಂತ್ರ ಯಾರು ಸ್ಟಾಪ್ ಕೊಡ್ತಾರ?" ಎಂದರು ಮಜೀದಸಾಬರು. "ನಾಲ್ಕ ಮಂದಿ ಕರ್ಕೊಂಡ ಬಾ. ಜರಾ ನಿಂದರ್ಲಿ."

ನಾಲ್ಕು ಮಂದಿ ಸಾಕಿತ್ತು. ಬೀರಲಿಂಗ ಮಾಡಿದ ತಪ್ಪೆಂದರೆ ಮೊದಲು ಗುಂಡಮ್ಮನ ಬಾಗಿಲು ಬಡಿದದ್ದು. ಓಣಿಯಲ್ಲಿ ಹೆಸರಿಡುವುದರಿಂದ ಹಿಡಿದು ಹೆಣ ಎತ್ತುವವರೆಗೆ ಗುಂಡಮ್ಮ ಇಲ್ಲದೆ ಏನೂ ನಡೆಯುತ್ತಿರಲಿಲ್ಲ.

"ನಾಲ್ಕ ಮಂದಿ?" ಗುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ನ ನೌಕರಿ ಅಂದ್ರ ಓಣಿ ಮರ್ಯಾದಿ ಅಲ್ಲೇನೋ ತಮ್ಮಾ? ನೀ ಸುಮ್ಮ ನಿಂದರು. ನಾ ನೋಡ್ಕೋತೀನಿ."

ನೋಡುನೋಡುತ್ತ ಓಣಿ ಓಣಿಯೇ ರಸ್ತೆಗೆ ಬಂತು. ಖಣಿಯಲ್ಲಿ ಕಲ್ಲು ಒಡೆದು ಸೊಂಟ ಸವೆಸಿದ್ದ ಮುದುಕ ಭೀಮಾಶಂಕರ, ಪ್ರಯಾಣ ಖರೇ ಅನ್ನಿಸಲೆಂದು ಕಬ್ಬಿಣದ ಟ್ರಂಕನ್ನೇ ಹೊತ್ತು ತಂದ. ಮರೆಮ್ಮ ಅರ್ಧ ತಲೆ ಬಾಚಿಕೊಂಡು, ಬಾಚಣಿಕೆ ಕೂದಲಲ್ಲೇ ಸಿಕ್ಕಿಸಿಕೊಂಡು ಬಂದಳು. ಬೀರಲಿಂಗನ ಹೆಂಡತಿ ಲಕ್ಷ್ಮಿ ಮದುವೆಯ ಸೀರೆ ಉಟ್ಟಿದ್ದಳು.

"ಭಾಳ ಮಂದಿ ಆಯ್ತಲ್ಲರಿ," ಎಂದು ಅವಳು ಗಂಡನ ಕಿವಿಯಲ್ಲಿ ಅಂದಳು.

"ಆಗ್ಲಿ ಬಿಡು," ಎಂದ ಬೀರಲಿಂಗ. ತನಗಾಗಿ ಇಷ್ಟು ಜನ ನಿಂತದ್ದನ್ನು ಅವನು ಮದುವೆಯಲ್ಲೂ ಕಂಡಿರಲಿಲ್ಲ.

ಜೀಪು ಬಂತು. ಇಳಿದ ಮೇಡಂ ಚಿಕ್ಕ ವಯಸ್ಸಿನವರು, ಭುವನೇಶ್ವರಿ ಎಂದು ಹೆಸರು ಹೇಳಿಕೊಂಡರು. ಗುಂಪನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೀವೆಲ್ಲ ಬಸ್ಸಿಗೆ ನಿಂತಿದ್ದೀರಾ?"

"ದಿನಾ ನಿಂದರ್ತೀವ್ರಿ," ಎಂದಳು ಗುಂಡಮ್ಮ.

"ಎಲ್ಲಿಗೆ ಹೋಗೋದು?"

"ಚಿತ್ತಾಪುರಕ್ಕರಿ. ಕೋರ್ಟಿಗಿ."

"ಏನು ಕೇಸು?"

ಗುಂಡಮ್ಮ ಸೆರಗನ್ನು ಇನ್ನೊಮ್ಮೆ ಸೊಂಟಕ್ಕೆ ಬಿಗಿದಳು. "ಅಲ್ಲಿ ಹೋದ ಮ್ಯಾಲ ವಕೀಲರು ಹೇಳ್ತಾರರಿ."

ಭೀಮಾಶಂಕರ ಕೇಳುವ ಮೊದಲೇ ಹೇಳಿದ, "ನಾ ದವಾಖಾನಿಗಿರಿ. ಇವತ್ತ ಮಣಕಾಲು, ನಾಳಿ ಹಲ್ಲು. ಒಂದ ದಿನಾನೂ ತಪ್ಪಿಸಲ್ಲ."

"ದವಾಖಾನೆಗೆ ಟ್ರಂಕು ಯಾಕೆ ಅಜ್ಜಾ?"

"ಯಪ್ಪಾ, ನನ್ನ ಅಲ್ಲೇ ಇಟ್ಕೊಂಡ್ರ ಏನ್ ಮಾಡ್ಲಿರಿ?"

ಮರೆಮ್ಮನಿಗೆ ಗೊತ್ತಿದ್ದ ಚಿತ್ತಾಪುರದ ಜಾಗಗಳೆಲ್ಲ ಅಷ್ಟು ಹೊತ್ತಿಗೆ ಮುಗಿದುಹೋಗಿದ್ದವು. "ನಾ ಕಾಲೇಜಿಗಿರಿ," ಎಂದುಬಿಟ್ಟಳು. ಅವಳ ಮೊಮ್ಮಗಳೇ ಕಾಲೇಜು ಮುಗಿಸಿದ್ದಳು. ಮೇಡಂ ನಗಲಿಲ್ಲ. ಗಂಭೀರವಾಗಿ ಮೊಬೈಲಿನಲ್ಲಿ ಏನೋ ಒತ್ತಿಕೊಂಡರು. ಆ ಗಾಂಭೀರ್ಯ ನೋಡಿ ಬೀರಲಿಂಗನಿಗೆ ಸ್ಟಾಪು ಸಿಕ್ಕೇಬಿಟ್ಟಿತು ಅನ್ನಿಸಿತು.

ಆಗ ತಿರುವಿನಲ್ಲಿ ಬಸ್ಸು ಕಾಣಿಸಿತು. ಭೀಮಾಶಂಕರನ ಟ್ರಂಕು ರಸ್ತೆಯ ನಡುವೆ ಇತ್ತು, ಓಣಿಯವರು ಟ್ರಂಕಿನ ಸುತ್ತ ಇದ್ದರು. ಡ್ರೈವರ್‌ಗೆ ಕೈ ಹೊರಗೆ ಚಾಚುವ ಅವಕಾಶವೇ ಆಗಲಿಲ್ಲ. ಬಸ್ಸು ಕಿರ್ರೆಂದು ನಿಂತಿತು. ಅದರ ಹಿಂದೆ ಟ್ಯಾಂಕರುಗಳೂ ಕಲ್ಲು ಹೇರಿದ ಲಾರಿಗಳೂ ಒಂದರ ಬಾಲಕ್ಕೆ ಒಂದು ಮೂತಿಯಿಟ್ಟು ಹಾರ್ನ್ ಬಡಿಯತೊಡಗಿದವು.

ಹಳೇ ಖಣಿ ಕ್ರಾಸಿನಲ್ಲಿ ಬಸ್ಸು ನಿಂತಿತ್ತು. ಎಲ್ಲರೂ ಅದನ್ನು ಊರಿಗೆ ಬಂದ ಆನೆಯನ್ನು ನೋಡುವಂತೆ ನೋಡುತ್ತ ನಿಂತರು. ಯಾರೂ ಹತ್ತಲಿಲ್ಲ.

"ಯಾಕೆ, ಹತ್ತೋದಿಲ್ವಾ?" ಎಂದರು ಮೇಡಂ.

ಓಣಿಯವರು ಗುಂಡಮ್ಮನ ಮುಖ ನೋಡಿದರು. ಗುಂಡಮ್ಮ ಮೇಡಂ ಮುಖ ನೋಡಿದಳು. ಮರ್ಯಾದೆಯ ಪ್ರಶ್ನೆ.

"ಹತ್ರಿ!" ಎಂದು ಕೂಗಿದಳು.

ಹತ್ತಿದರು. ಮರೆಮ್ಮ ಹತ್ತಿದಳು, ಟ್ರಂಕು ಹತ್ತಿತು, ಲಕ್ಷ್ಮಿಯೂ ಗಂಡನ ಕಡೆ ತಿರುತಿರುಗಿ ನೋಡುತ್ತ ಹತ್ತಿದಳು. ಹುರುಪು ತಡೆಯಲಾರದೆ ಮಜೀದಸಾಬರೂ ಹತ್ತಿದರು. ಎಲ್ಲರನ್ನೂ ಕರೆದವನು ತಾನೇ ಆದ್ದರಿಂದ ಬೀರಲಿಂಗ ಕೆಳಗೆ ನಿಂತು, ಮುದುಕರ ಬೆನ್ನಿಗೆ ಕೈಕೊಟ್ಟು, ಒಬ್ಬೊಬ್ಬರನ್ನೇ ಮೇಲೆ ನೂಕಿದ. ಕೊನೆಗೆ ತನ್ನ ಕಾಲು ಮೆಟ್ಟಿಲ ಮೇಲಿಟ್ಟ.

"ಎಲ್ಲಿ ಹತ್ತತಿ ಮಾರಾಯಾ? ಇರಿವಿ ನಿಂದರ್ಲಿಕ್ಕೂ ಜಾಗಿಲ್ಲ," ಎಂದ ಕಂಡಕ್ಟರ್. "ಹಿಂದ ಖಾಲಿ ಬರ್ಲಿಕತ್ತದ."

"ಅಣ್ಣಾ, ಖರೇ ಹೋಗಾಂವ ನಾ ಒಬ್ಬನೇರಿ..."

ಬಾಗಿಲು ಮುಚ್ಚಿತು. ಕಿಟಕಿಯಿಂದ ಗುಂಡಮ್ಮ ಕೈ ಬೀಸುತ್ತಿದ್ದಳು. ಲಾರಿಗಳೆಲ್ಲ ದಾಟಿ ಧೂಳು ಅಡಗಿದಾಗ ರಸ್ತೆಯಲ್ಲಿ ಉಳಿದವರು ಬೀರಲಿಂಗ ಮತ್ತು ಮೇಡಂ ಇಬ್ಬರೇ.

"ಸ್ಟಾಪ್ ಆಯ್ತಲ್ಲರಿ ಮೇಡಂ?" ಎಂದು ಬೀರಲಿಂಗ ಕೈ ಮುಗಿದ.

ಮೇಡಂ ತಿರುವಿನ ಕಡೆ ನೋಡಿ ಉಸಿರು ಬಿಟ್ಟರು. "ನೋಡಿ, ಇಲ್ಲಿ ನಾಲ್ಕೈದು ಜನ ಇರ್ತಾರೆ ಅಂತ ಕೇಳಿದ್ದೆ. ಅಷ್ಟೇ ಇದ್ದಿದ್ರೆ ಬಸ್ಸು ಗಳಿಗೆ ಹೊತ್ತು ನಿಂತು ಹೋಗ್ತಿತ್ತು. ಸ್ಟಾಪ್ ಕೊಡೋಣ ಅಂತಾನೇ ಬಂದೆ. ಆದ್ರೆ ಇಂಥ ತಿರುವಿನಲ್ಲಿ ದಿನಾ ಇಷ್ಟು ಜನ ಹತ್ತಿದ್ರೆ ಒಂದಲ್ಲ ಒಂದು ದಿನ ಲಾರಿ ಬಂದು ಗುದ್ದುತ್ತೆ. ಇಲ್ಲಿ ಬಸ್ಸು ನಿಲ್ಲಲೇಬಾರದು. ಆ ತಂಗುದಾಣವೇ ಸರಿ."

"ಅವರು ದಿನಾ ಹೋಗೋರಲ್ಲರಿ ಮೇಡಂ! ನಾ ಸುಮ್ಮ ಕರ್ದಿದ್ದರಿ. ದಿನಾ ಹೋಗಾಂವ ನಾ ಒಬ್ಬನೇರಿ!"

ಮೇಡಂ ಅವನನ್ನು ಕನಿಕರದಿಂದ ನೋಡಿದರು. "ನಾನೇ ಕಣ್ಣಾರೆ ನೋಡಿದೆನಲ್ಲ. ಎಲ್ಲರೂ ಹತ್ತಿ ಹೋದರು. ಹತ್ತದೆ ಉಳಿದವರು ನೀವೊಬ್ಬರೇ."

ಜೀಪು ವಾಡಿಯ ಕಡೆ ಹೋಯಿತು.

ಬೀರಲಿಂಗ ಚಹಾದ ಅಂಗಡಿಯ ಕಟ್ಟೆಯ ಮೇಲೆ ಕುಳಿತ. ಹಿಂದೆ ಖಾಲಿ ಬಸ್ಸೇನೂ ಬರಲಿಲ್ಲ. ಬಿಸಿಲು ಏರಿದ ಮೇಲೆ ಮೊಬೈಲು ಬಡಿದುಕೊಂಡಿತು. ಸುರೇಶಕುಮಾರ.

"ಸಾವಕಾರ್ರೇ, ಇವತ್ತೂ ಬಸ್ಸು..." ಎಂದು ಬೀರಲಿಂಗ ಶುರು ಮಾಡಿದ.

"ಬಸ್ಸು?" ಸುರೇಶಕುಮಾರನ ದನಿ ತಣ್ಣಗಿತ್ತು. ಸಿಟ್ಟಿಗಿಂತ ಅದೇ ಭಯಂಕರ. "ನಿಮ್ಮ ಓಣಿ ಮಂದಿ ಎಲ್ಲಾ ಇಲ್ಲೇ ನನ್ನ ಅಂಗಡಿ ಮುಂದ ಕುಂತಾರ. ನಿನ್ನ ಸಲುವಾಗಿ ನಾಲ್ಕ ಮಾತು ಹೇಳ್ಲಿಕ್ಕಿ ಬಂದಾರಂತ. ನಿಮ್ಮ ಕ್ರಾಸಿನ್ಯಾಗೇ ಹತ್ತ್ಯಾರ. ನಡೀಲಿಕ್ಕೆ ಬರಲಾರದ ಮುದುಕ ಟ್ರಂಕ್ ತಗೊಂಡು ಹತ್ತ್ಯಾನ. ನಿನ್ನ ಹೆಂಡ್ತಿ ಹತ್ತ್ಯಾಳ. ಟೈಮಿಗಿ ಸರಿಯಾಗಿ ಬಂದಾರ. ಇಷ್ಟ ದಿನಾ ಬಸ್ ನಿಂದರಲ್ಲ, ಬಸ್ ನಿಂದರಲ್ಲ ಅಂತ ನನಗ ಟೋಪಿ ಹಾಕಿದೆಲ್ಲೋ!"

"ಇಲ್ಲರಿ ಸಾವಕಾರ್ರೇ, ಇವತ್ತ ಏನಾಯ್ತಂದ್ರ..."

"ನಾಳಿಂದ ನಿನಗ ಬಸ್ಸಿನ ತಕಲೀಫೇ ಇಲ್ಲ. ಮನ್ಯಾಗ ಆರಾಮ ಇರು."

ಅಷ್ಟರಲ್ಲಿ ಯಾರೋ ಫೋನು ಕಸಿದುಕೊಂಡರು. ಗುಂಡಮ್ಮನ ದನಿ ಗೆದ್ದ ಪೈಲವಾನನಂತೆ ಕೇಳಿಸಿತು.

"ಏ ತಮ್ಮಾ, ಫಿಕರ್ ಮಾಡಬ್ಯಾಡ! ನಾವೆಲ್ಲಾ ಕೂಡಿ ಬರೋಬ್ಬರಿ ಹೇಳೀವಿ. ಸಾವಕಾರಗ ಎಲ್ಲಾ ತಿಳೀತು. ಈಗ ನೀ ಒಂದ ಕೆಲಸ ಮಾಡು. ನಾ ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀನಿ, ಓಡಿ ಹೋಗಿ ಇಳಸು. ಮರೆಮ್ಮಂದು ಹಾಲು ಅದ ಅಂತ, ಅದನೂ ನೋಡು. ಮತ್ತ, ತಿರುಗಿ ಬರೋ ಬಸ್ಸು ನಮ್ಮ ಕ್ರಾಸಿನ್ಯಾಗ ನಿಂದರಲ್ಲ ಅಂತ ಕಂಡಕ್ಟರ್ ಅನ್ಲಿಕತ್ತಾನ. ನೀ ದಿನಾ ಹೋಗಿ ಬರಾಂವ, ನೀನರೆ ಹೇಳು. ನಾವು ಹ್ಯಾಂಗ ಬರಬೇಕು?"

ಬೀರಲಿಂಗ ಓಣಿಯ ಕಡೆ ನೋಡಿದ. ಸಾಲಾಗಿ ಬಾಗಿಲುಗಳೆಲ್ಲ ತೆರೆದಿದ್ದವು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಗುಂಡಮ್ಮನ ಮನೆಯ ಕಿಟಕಿಯಿಂದ ಕಪ್ಪು ಹೊಗೆ ಮೆಲ್ಲಗೆ ಹೊರಬರುತ್ತಿತ್ತು.

"ತಂಗುದಾಣದಾಗ ಇಳೀರಿ ಅವ್ವಾ. ಅಲ್ಲಿಂದ ನಡಕೋತ ಬರ್ರಿ," ಎಂದು ಹೇಳಿ, ಅವನು ಬೇಳೆ ಇಳಿಸಲು ಎದ್ದ.