ಈ ವರ್ಷದ ರೋಹಿಣಿ

ನಮ್ಮ ಮಾವನವರಿಗೆ ಭೂಮಿಯ ಮೇಲೆ ನಂಟರು ಕಡಿಮೆ, ಇದ್ದವರೆಲ್ಲ ಆಕಾಶದಲ್ಲೇ! ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಮಾರಿ ಬದುಕಿದವರು, ಕಣ್ಣು ಮಾತ್ರ ಸದಾ ಮೇಲೆ. ಲಡಾಖಿನ ಬೆಟ್ಟದ ನೆತ್ತಿಯಲ್ಲಿ ದೊಡ್ಡದೊಂದು ದೂರದರ್ಶಕವಿದೆ ಎಂದು ಪೇಪರಿನಲ್ಲಿ ಓದಿದ್ದೇ ತಡ, ಅದು ತೆಗೆದ ಚಿತ್ರಗಳೆಲ್ಲ ನಮ್ಮ ಗೋಡೆ ಹತ್ತಿದವು. ಇಂಟರ್ನೆಟ್ ಅಂಗಡಿಯಲ್ಲಿ ಅವನ್ನು ಪ್ರಿಂಟ್ ಹಾಕಿಸಿ ತರುವ ಸೇವೆ ಸೊಸೆಯಾದ ನನ್ನದು. ನೀಹಾರಿಕೆಗೂ ಕಟ್ಟು ಹಾಕಿಸಿ, ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಿದ್ದರು. ಒಮ್ಮೆ ಬೀಗರು ಬಂದು, "ಇವ್ರು ಯಾರ್ರಿ?" ಎಂದು ಕೇಳಿದರು.

"ನಮ್ಮ ಹಿರೇರು," ಎಂದರು ಮಾವನವರು. ಪಾಪ, ಬೀಗರು ಕೈಮುಗಿದೇ ಬಿಟ್ಟರು!

ಆಗ ತೆಲಂಗಾಣ ಹೋರಾಟದ ಕಾಲ. ಕಣ್ಣು ಬಿಟ್ಟರೆ ಬಂದ್. ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ ಉಣ್ಣುವ ಚಳವಳಿ. ಮಾವನವರು ಅಲ್ಲಿಗೂ ಚಿತ್ರ ಹಿಡಿದು ಹಾಜರು.

"ಸಾವ್ಕಾರ್ರ, ತೆಲಂಗಾಣ ಬರ್ತದೇನ್ರಿ?" ಎಂದು ಯಾರೋ ಕೇಳಿದರು.

"ಅಷ್ಟು ದೂರದಿಂದ ಬೆಳಕ ಬಂದದ. ದಿಲ್ಲಿಯಿಂದ ರಾಜ್ಯ ಬರಂಗಿಲ್ಲೇನು? ಜರಾ ತಡ ಆಗ್ತದ."

ಆ ವರ್ಷವೇ ಅವರಿಗೆ ಹೊಸ ಹಟ ಹಿಡಿಯಿತು. "ರೋಹಿಣಿ ನಕ್ಷತ್ರದ್ದು ಒಂದು ಫೋಟೊ ಬೇಕವ್ವಾ. ಈ ವರ್ಷ ತೆಗೆದದ್ದೇ ಆಗ್ಬೇಕು. ಮುಂದಿನ ವರ್ಷದ್ದು ನಡಿಯಂಗಿಲ್ಲ."

ಅತ್ತೆ ಒಳಗಿನಿಂದಲೇ ಕೇಳಿದರು, "ನಕ್ಷತ್ರ ಏನ್ ಉಪ್ಪಿನಕಾಯೇನ್ರಿ, ಕೆಡಾಕ?"

ಮಾವನವರು ನಗಲಿಲ್ಲ. ವರ್ಷ ಮುಗಿಯುತ್ತ ಬಂತು. ನಾನು ಹೋದಾಗಲೆಲ್ಲ ಬಂದ್, ಅಂಗಡಿಗೆ ಬೀಗ. ಬರಿಗೈಯಲ್ಲಿ ಬಂದ ನನ್ನನ್ನು ನೋಡಿ ಅವರು ಊಟವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕೊನೆಗೊಂದು ದಿನ ಅಂಗಡಿಯವನು ಹೆದರುತ್ತಲೇ ಅರ್ಧ ಶಟರ್ ಎತ್ತಿದ. ನಾನು ಬಗ್ಗಿ ಒಳನುಗ್ಗಿ ಚಿತ್ರ ತಂದೆ. ಕಪ್ಪು ಹಾಳೆಯ ನಡುವೆ ಒಂದು ಕಿತ್ತಳೆ ಚುಕ್ಕೆ. ಇಷ್ಟಕ್ಕೇ ಇಷ್ಟೆಲ್ಲ ಗದ್ದಲವೇ?

ಮಾವನವರು ಅದಕ್ಕೆ ಕಟ್ಟು ಹಾಕಿಸಿ, ತಮ್ಮ ತಂದೆಯ ಹಾರ ಹಾಕಿದ ಫೋಟೊದ ಪಕ್ಕದ ಮೊಳೆಗೆ ತೂಗುಹಾಕಿದರು. ನಾನು ಮದುವೆಯಾಗಿ ಬಂದಾಗಿನಿಂದಲೂ ಆ ಮೊಳೆ ಖಾಲಿಯೇ ಇತ್ತು.

"ಈ ಬೆಳಕ ಅಲ್ಲಿಂದ ಹೊಂಟು ಅರವತ್ತೈದು ವರ್ಷ ಆತು," ಎಂದರು. "ಆಗ ನಾ ತೊಟ್ಟಿಲದಾಗಿದ್ದೆ. ಮರುವರ್ಷ ನಮ್ಮವ್ವ ಹೋದ್ಲು. ಆಕಿದು ಒಂದೂ ಫೋಟೊ ಇಲ್ಲವ್ವಾ. ಈ ಬೆಳಕ ಹೊಂಟಾಗ ಆಕಿ ಇದ್ಲು."

ಅತ್ತೆ ಒಳಗೆ ಹೋಗಿ, ದೇವರಿಗೆಂದು ಕಟ್ಟಿದ್ದ ಮಲ್ಲಿಗೆ ಹಾರ ತಂದರು. ಮಾವನವರು ಮೆಲ್ಲಗೆ ಅವರ ಕೈ ಹಿಡಿದರು.

"ಹಾರ ಬ್ಯಾಡ. ಇದರಾಗ ಅವ್ವ ಇನ್ನೂ ಇದ್ದಾಳ."